ಹಿಮದಲ್ಲಿ ನಡೆದವರು

ಬೆಳಿಗ್ಗೆ ಕಿಮೊನೊ ತೊಟ್ಟು ನಡುಪಟ್ಟಿ ಬಿಗಿಯುವ ಮುಂಚೆ ತೊಕುಜಿ ಎದೆಯ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದ. ಎಡದ ಅಂಚು ಬಲದ ಮೇಲೆ ಬಂದಿರಬೇಕು. ಬಂದಿದೆ ಎಂದು ಕಣ್ಣಿಗೆ ಕಂಡರೂ ಬೆರಳಿಗೆ ನಂಬಿಕೆಯಿಲ್ಲ. ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದ.

"ಸಾಕು ಬಿಡ್ರಿ, ನೀವಿನ್ನೂ ಸತ್ತಿಲ್ಲ," ಎಂದು ಹೆಂಡತಿ ಕಿನು ಒಲೆಯ ಮುಂದಿನಿಂದಲೇ ಛೇಡಿಸುವಳು. "ಸತ್ತಿದ್ರೆ ಮನೇಲಿ ಇಷ್ಟು ಉಪ್ಪಿನಕಾಯಿ ಖರ್ಚಾಗ್ತಿತ್ತಾ?"

ಬಲದ ಅಂಚನ್ನು ಮೇಲೆ ಮಾಡಿ ಉಡಿಸುವುದು ಹೆಣಕ್ಕೆ. ಕ್ಯೋಟೋದಲ್ಲಿ ಇದು ಮಕ್ಕಳಿಗೂ ಗೊತ್ತು.

ಕತ್ತಿವರಸೆಯ ಚಿತ್ರಗಳ ಹೆಸರಾಂತ ನಟ ಕುಜೆ ಗೆನ್ನೊಸುಕೆಯವರಿಗೆ ತೊಕುಜಿ ಡೂಪ್ ಆಗಿದ್ದವನು. ಚಾವಣಿಯಿಂದ ಹಾರುವ, ಕುದುರೆಯಿಂದ ಉರುಳುವ ಬೆನ್ನೆಲ್ಲ ಇವನದೇ. "ಮುಖ ನಂದು, ಮೂಳೆ ನಿಂದು ಕಣೋ," ಎಂದು ನಗುತ್ತ ಅವರು ತಮ್ಮ ಡಬ್ಬಿಯ ಮೀನನ್ನು ಇವನ ಅನ್ನದ ಮೇಲೆ ಇಡುತ್ತಿದ್ದರು.

ಕೊನೆಯ ಚಿತ್ರದಲ್ಲಿ ಒಂದೇ ದೃಶ್ಯ ಬಾಕಿಯಿರುವಾಗ ಅವರು ತೀರಿಕೊಂಡರು. ಅವರ ಹೆಂಡತಿ ಫುಸಾ ಅವರ ಜೊತೆ ಕುಳಿತು ಹೆಣಕ್ಕೆ ಬಿಳಿಬಟ್ಟೆ ಉಡಿಸಿದವನು ತೊಕುಜಿ. ಮಾರನೆಯ ದಿನವೇ ಸ್ಟುಡಿಯೋದಿಂದ ಕರೆ ಬಂತು. ನಾಯಕ ಹಿಮದಲ್ಲಿ ಬೆನ್ನು ಮಾಡಿ ನಡೆದುಹೋಗಬೇಕು, ಮುಖ ಬೇಕಿಲ್ಲ. ನಟರಿಗೆ ವೇಷ ತೊಡಿಸುವ ಹೆಂಗಸು ಒಂದು ಮೂಲೆಯಲ್ಲಿ ಅಳುತ್ತಿದ್ದಳು. ತೊಕುಜಿ ತಾನೇ ಆ ವೇಷ ತೊಟ್ಟು, ಹಿಮವೆಂದು ಹರಡಿದ್ದ ಉಪ್ಪಿನ ಮೇಲೆ ನಡೆದ.

ಅರ್ಧ ದಾರಿಯಲ್ಲಿ ಕಾಲು ಅವನ ಮಾತು ಕೇಳಲಿಲ್ಲ. ಗೆನ್ನೊಸುಕೆಯವರ ಬಲಗಾಲು ಯಾವಾಗಲೂ ತುಸು ಎಳೆಯುತ್ತಿತ್ತು. ಅಂದಿನ ದುಃಖದಲ್ಲಿ ಅದನ್ನು ಅನುಕರಿಸುವುದನ್ನು ಅವನು ಮರೆತೇಬಿಟ್ಟಿದ್ದ. ಆದರೂ ಕಾಲು ತಾನಾಗಿಯೇ ಎಳೆಯಿತು. ದೃಶ್ಯ ಮುಗಿದ ಮೇಲೆ ಎದೆ ನೋಡಿಕೊಂಡರೆ ಬಲದ ಅಂಚು ಮೇಲಿತ್ತು. ನಿನ್ನೆ ಹೆಣಕ್ಕೆ ಉಡಿಸಿದ ಕೈ ಇಂದು ಅವನಿಗೂ ಹಾಗೆಯೇ ಉಡಿಸಿತ್ತು. ಕ್ಯಾಮೆರಾ ಹಿಂದಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಕೊನೆಯ ನಡಿಗೆಯೂ ಗೆನ್ನೊಸುಕೆಯವರದೇ ಎಂದು ಊರು ನಂಬಿತು. ಪ್ರತಿ ವರ್ಷ ಅವರ ತಿಥಿಯಂದು ಹಳೆಯ ಚಿತ್ರಮಂದಿರದಲ್ಲಿ ಅದೇ ಚಿತ್ರ ಹಾಕುತ್ತಿದ್ದರು. ಫುಸಾ ಬಂದು ಆ ಬೆನ್ನು ಕಂಡೊಡನೆ ಕೈಮುಗಿದು ಅಳುವರು. ಪಕ್ಕದಲ್ಲಿ ಕುಳಿತ ತೊಕುಜಿಗೆ ಒಂದೇ ಭಯ. ಅದು ಗಂಡನ ಬೆನ್ನಲ್ಲವೆಂದು ತಿಳಿದರೆ ಈ ತಾಯಿಗೆ ಉಳಿಯುವುದೇನು?

ಈ ಸಲ ಚಿತ್ರ ಮುಗಿದ ಮೇಲೆ ಎದುರಿನ ಚಹದಂಗಡಿಯಲ್ಲಿ ಫುಸಾ ಮೆಲ್ಲಗೆ ಹೇಳಿದರು.

"ತೊಕುಜಿ, ಆ ಬೆನ್ನು ನಿಂದು."

ಅವನು ಬಟ್ಟಲು ಕೆಳಗಿಟ್ಟ. "ಅಮ್ಮಾವ್ರೇ..."

"ದಿನಾ ಸ್ನಾನದಲ್ಲಿ ತಿಕ್ಕಿದ ಬೆನ್ನು ನಂಗೆ ಗೊತ್ತಾಗಲ್ವೇನೋ, ಪೆದ್ದ? ಮೊದಲನೇ ಸಲಾನೇ ಗೊತ್ತಾಯ್ತು. ಈಗ ಸ್ಟುಡಿಯೋದವರು ಈ ಚಿತ್ರದ ಹೊಸ ಪ್ರತಿ ತೆಗೀತಾರಂತೆ. ಅದ್ರಲ್ಲಿ ನಿನ್ನ ಹೆಸರು ಹಾಕಿಸ್ತೀನಿ. ನನ್ನ ಮಾತು ಅವರು ತೆಗೆದುಹಾಕಲ್ಲ."

"ಗೊತ್ತಿದ್ದೂ ಪ್ರತಿ ವರ್ಷ ಯಾಕೆ ಬರ್ತಿದ್ರಿ?"

"ಬೆನ್ನು ನಿಂದು," ಎಂದರು ಫುಸಾ. "ಆ ಕಾಲೆಳೆತ ನಿಂದಲ್ವಲ್ಲಪ್ಪ."

ತೊಕುಜಿಯ ಕೈ ತಾನಾಗಿ ಎದೆಗೆ ಹೋಯಿತು. ಅಂದು ಅಂಚು ಅದಲುಬದಲಾಗಿದ್ದುದನ್ನು, ಕಿನುವಿಗೂ ಹೇಳದಿದ್ದುದನ್ನು, ಮೊದಲ ಬಾರಿಗೆ ಹೇಳಿದ. ಫುಸಾ ಕಣ್ಣು ಮುಚ್ಚಿ ಕೇಳಿದರು.

"ಹೆಸರು ಬೇಡ ಅಮ್ಮಾವ್ರೇ," ಎಂದ. "ಅಲ್ಲಿ ನನ್ನ ಹೆಸರು ಹಾಕಿದ್ರೆ ಯಜಮಾನ್ರು ಎಲ್ಲಿಗೆ ಹೋಗ್ತಾರೆ?"