ಗಿರಿಜಾ ಮೇಡಂ ಬಳೆ ಕೊಟ್ಟು ತಂದ ಕಡ್ಡಿ

ಎರಡು ಚಿನ್ನದ ಬಳೆ. ಪೆನ್ಸಿಲ್ಲಿಗಿಂತ ತೆಳ್ಳಗಿನ ಒಂದು ಕಪ್ಪು ಕಡ್ಡಿಗೆ ಗಿರಿಜಾ ಮೇಡಂ ತೆತ್ತ ಬೆಲೆ ಅದು. ಬೆಂಗಳೂರಿನಲ್ಲಿ ಹೇಳಿ ಮಾಡಿಸಿಕೊಂಡು ಬಂದಿದ್ದರು. ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹಳೆ ಮೋಟಾರು, ಸ್ವಿಚ್ಚು ಕೊಂಡು ಮಾರಿ ಮೇಲೆ ಬಂದವನು. ಹೇಳಿದ ಬೆಲೆಗೆ ಒಂದು ಬೋಲ್ಟನ್ನೂ ಕೊಂಡವನಲ್ಲ. ಕೇಳಿಯೇ ಬಿಟ್ಟೆ.

“ಸ್ವಲ್ಪ ಚೌಕಾಸಿನಾದ್ರೂ ಮಾಡಬಾರದಿತ್ತಾ ಮೇಡಂ?”

“ಬಳೆ ಬೀರುನಲ್ಲಿ ಕೂತು ಏನು ಮಾಡ್ತಿತ್ತು ಮಾರಾಯ? ಇದು ಕೆಲಸ ಮಾಡುತ್ತೆ.”

ಅವರು ಶಿವಮೊಗ್ಗದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತಿದ್ದರು; ಲ್ಯಾಬಿಗೆ ಹಳೆ ಸಾಮಾನು ನನ್ನಲ್ಲೇ ಕೊಳ್ಳುತ್ತಿದ್ದರು. ಮನೆ ವಿದ್ಯಾನಗರ. ಹಣೆಯಲ್ಲಿ ವಿಭೂತಿ, ವ್ಯಾನಿಟಿ ಬ್ಯಾಗಿನಿಂದ ಇಣುಕುವ ಟೆಸ್ಟರ್. ಯಾರ ಮನೆಗೆ ಹೋದರೂ ಮೊದಲು ಮೀಟರ್ ಬೋರ್ಡ್ ನೋಡಬೇಕು. ಫ್ಯೂಸಿಗೆ ದಪ್ಪ ತಂತಿ ಸುತ್ತಿದ್ದರೆ, “ಇದು ಬಟ್ಟೆ ಒಣಗಿಸೋ ತಂತಿ” ಎಂದು ಕಿತ್ತೇ ಬಿಡುತ್ತಿದ್ದರು. ಆಮೇಲೆ ಕಾಫಿ ಕತ್ತಲಲ್ಲಿ.

ಅವರ ಯಜಮಾನರು ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಒಂದು ಆಯುಧಪೂಜೆಯಂದು ಮೇನ್ ಆಫ್ ಮಾಡಿ, ಪ್ಯಾನಲ್ಲಿನ ಬಾಗಿಲು ತೆಗೆದು ಚೆಂಡುಹೂವಿನ ಹಾರ ಹಾಕಿದ್ದರು. ಹಾರದ ಒದ್ದೆ ತುದಿ ಒಳಗಿನ ತಾಮ್ರದ ಪಟ್ಟಿಗಳ ಮೇಲೆ ಇಳಿದದ್ದು ಯಾರಿಗೂ ಕಾಣಲಿಲ್ಲ. ಮಂಗಳಾರತಿ ಆದ ಮೇಲೆ ಅವರೇ ಸ್ವಿಚ್ ಹಾಕಿದರು. ಬೆಂಕಿ ಮುಖಕ್ಕೇ ಬಂತು. ಕರೆಂಟ್ ಕಡಿಯುವ ಬ್ರೇಕರ್ ಬಿದ್ದಿತು ನಿಜ, ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ‘ಅಷ್ಟರಲ್ಲಿ’ಯ ಹಿಂದೆ ಮೇಡಂ ಬಿದ್ದರು. ಕಡ್ಡಿ ಅತಿವಾಹಕವಂತೆ. ಭಯಂಕರ ತಣ್ಣಗಿಟ್ಟರೆ ಕರೆಂಟನ್ನು ಒಂದಿಷ್ಟೂ ತಡೆಯದೆ ಬಿಡುತ್ತದೆ. ಶಾರ್ಟ್ ಆಗಿ ಕರೆಂಟ್ ನುಗ್ಗಿತೋ, ತಾನೇ ಅಡ್ಡ ನಿಲ್ಲುತ್ತದೆ. “ಮೊದಲ ಏಟು ಇದು ತಿನ್ನುತ್ತೆ. ಬ್ರೇಕರ್ ಆಮೇಲೆ ನಿಧಾನಕ್ಕೆ ಬೀಳ್ಲಿ,” ಎನ್ನುತ್ತಿದ್ದರು.

ಯಜಮಾನರು ತೀರಿಕೊಂಡ ಫೌಂಡ್ರಿಯಲ್ಲೇ ಅದನ್ನು ತೋರಿಸಬೇಕೆಂದು ಹಟ ಹಿಡಿದರು. ಕಡ್ಡಿ ತಣ್ಣಗಿಡಲು, ದನದ ಆಸ್ಪತ್ರೆಯಲ್ಲಿ ಹೋರಿಯ ವೀರ್ಯ ಕೆಡದಂತೆ ಕಾಪಿಡಲು ಬಳಸುವ ದ್ರವ ಸಾರಜನಕವನ್ನು ಒಂದು ಕ್ಯಾನ್ ನಾನೇ ಮಾತಾಡಿ ಕೊಡಿಸಿದೆ. ಅದರ ಆವಿ ತುಂಬಿ ಉಸಿರು ಕಟ್ಟಬಾರದೆಂದು ಮೇಡಂ ಕಿಟಕಿಗಳನ್ನೆಲ್ಲ ತೆರೆಸಿದರು; ನನ್ನ ವ್ಯಾನಿನಲ್ಲಿ ಹೊರಟೆವು. ಮಲವಗೊಪ್ಪದಲ್ಲಿ ಚಹಾಕ್ಕೆ ನಿಂತಾಗ ಕ್ಯಾನಿನ ಬಾಯಿಂದ ಹೊಗೆ ಏಳುತ್ತಿತ್ತು.

“ನಮ್ಮ ಟೀಗಿಂತ ಬಿಸಿ ಇದೆಯಲ್ಲಮ್ಮ,” ಎಂದ ಹೋಟೆಲಿನವನು.

“ನಿನ್ನ ಟೀ ಇದಕ್ಕಿಂತ ತಣ್ಣಗಿದೆ, ಬೇರೆ ಕೊಡು.”

ಫೌಂಡ್ರಿಯಲ್ಲಿ ಕಾರಿನ ಬ್ಯಾಟರಿ, ಬಲ್ಬು, ಎಳೆ ಫ್ಯೂಸ್ ತಂತಿ ಜೋಡಿಸಿದರು. ಕಡ್ಡಿಯಿಲ್ಲದೆ ಶಾರ್ಟ್ ಮಾಡಿದಾಗ ಫ್ಯೂಸ್ ಸುಟ್ಟಿತು. ಬೇರೆ ಫ್ಯೂಸ್ ಹಾಕಿ, ಥರ್ಮೋಕೋಲ್ ಡಬ್ಬಿಯ ಸಾರಜನಕದಲ್ಲಿ ಕಡ್ಡಿ ಮುಳುಗಿಸಿ ಮತ್ತೆ ಶಾರ್ಟ್ ಮಾಡಿದರು. ಡಬ್ಬಿ ಕೊತಕೊತ ಕುದಿಯಿತು. ಟಪ್ಪೆಂದು ಸದ್ದಾಯಿತು. ಕಡ್ಡಿ ಎರಡು ತುಂಡು. ಫ್ಯೂಸ್ ಮಾತ್ರ ಸುಡದೆ ಹಾಗೇ ಇತ್ತು; ಏಟು ಕಡ್ಡಿ ತಿಂದಿತ್ತು.

ನನಗೆ ಬಳೆ ನೆನಪಾಯಿತು. ಮೇಡಂ ಫ್ಯೂಸನ್ನೇ ನೋಡುತ್ತಿದ್ದರು.

ಸೆಲ್ವಂ ಎಂಬ ಫಿಟ್ಟರ್ ಕೇಳಿದ: “ನಮ್ಮ ಪ್ಯಾನಲ್ಲಿಗೆ ಇದು ಯಾವಾಗಮ್ಮ ಬರೋದು?”

“ನಿನ್ನ ಮೊಮ್ಮಕ್ಕಳ ಕಾಲಕ್ಕೆ ಬಂದೀತು. ಅಲ್ಲೀವರೆಗೆ ನೀನು ಬದುಕಿರಬೇಕಲ್ಲ, ಆ ಪ್ಯಾನಲ್ಲಿನ ಬಾಗಿಲು ಮುಚ್ಚು.”

ಕೆಲವು ವರ್ಷಗಳ ಮೇಲೆ ಅವರಿಗೆ ಕ್ಯಾನ್ಸರ್ ಎಂದು ತಿಳಿದು ವಿದ್ಯಾನಗರಕ್ಕೆ ಹೋದೆ. ಮಂಚದ ಪಕ್ಕ ವಿಭೂತಿ ಗಟ್ಟಿಯ ಜೊತೆ ಕಡ್ಡಿಯ ಎರಡು ತುಂಡು. ಒಳ್ಳೆ ಆಸ್ಪತ್ರೆ ಗೊತ್ತಿದೆ, ಖರ್ಚು ನಾನು ಮಾತಾಡಿ ಇಳಿಸ್ತೀನಿ ಎಂದು ಏನೇನೋ ಹೇಳುತ್ತಿದ್ದೆ. ಅವರು ಕೈಯೆತ್ತಿ ತಡೆದರು.

“ಅವತ್ತಿನ ಹಾರ ಕಟ್ಟಿದ್ದು ನಾನು ಕಣೋ. ಪೂಜೆವರೆಗೆ ಬಾಡಬಾರದು ಅಂತ ನೀರಲ್ಲಿ ಅದ್ದಿ ಅವರ ಕೈಗೆ ಕೊಟ್ಟೆ. ಎಷ್ಟು ಚೆಂದ ಕಟ್ಟಿದೀಯಾ ಅಂದ್ಕೊಂಡು ಹೋದ್ರು.”

ಜೀವಮಾನವಿಡೀ ಮಾತು ಮಾರಿ ಬದುಕಿದವನು ನಾನು. ಅವರ ಕೈ ಹಿಡಿದು ಕೂತೆ. ಆ ದಸರಾಕ್ಕೆ ಅವರಿರಲಿಲ್ಲ.

ಅಂಗಡಿಗೆ ಬಂದವರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಆಯುಧಪೂಜೆಗೆ ಪ್ಯಾನಲ್ಲಿನ ಬಾಗಿಲು ಮುಚ್ಚಿಯೇ ಇರಲಿ. ಕುಂಕುಮ, ವಿಭೂತಿ ಹೊರಗೇ ಹಚ್ಚಿ. ಹೂವನ್ನು ದೇವರ ಪಟಕ್ಕೆ ಹಾಕಿ. ಯಾರಾದರೂ ಬಾಗಿಲು ತೆಗೆದಿದ್ದರೆ, ಬಲ್ಲವರಿಂದ ಒಳಗೆಲ್ಲ ನೋಡಿಸದೆ ಸ್ವಿಚ್ ಮುಟ್ಟಬೇಡಿ. ಹಾರ ಕಟ್ಟಿ ಕಳಿಸಿದವರು ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ.