ಹೊಳೆಯಲ್ಲಿ ಕೆಳಗೆ ನಿಂತವರು

ದಸರಾ ಸೂಟಿಗೆ ಮಲಪ್ರಭೆಯ ನೆರೆ ಇಳಿದಿರುತ್ತಿತ್ತು. ನಮ್ಮ ರೋಣದ ಬ್ಯಾಪ್ಟಿಸ್ಟ್ ಸಭೆಯವರು ದೀಕ್ಷಾಸ್ನಾನಕ್ಕೆ ಟೆಂಪೊ ಮಾಡಿಕೊಂಡು ಹೊಳೆಆಲೂರಿಗೆ ಹೋಗುತ್ತಿದ್ದೆವು. ನಮ್ಮೆಲ್ಲರ ಬಟ್ಟೆ ಹೊಲಿಯುತ್ತಿದ್ದ, ಸಭೆಯ ಹಿರಿಯರಾದ ಟೇಲರ್ ಎಲ್ಲರಿಗಿಂತ ಮೊದಲು ನೀರಿಗಿಳಿದು, ಪಾಸ್ಟರ್ ನಿಂತಲ್ಲಿಂದ ಎರಡು ಮಾರು ಕೆಳಗೆ, ಸೆಳವಿನ ದಾರಿಯಲ್ಲಿ ನಿಲ್ಲುತ್ತಿದ್ದರು. ಇಳಿದವರಿಗೆಲ್ಲ ಒಂದೇ ಮಾತು: “ಅಂಜಬ್ಯಾಡ, ಕೆಳಗ ನಾ ನಿಂತೇನಿ.”

ನನ್ನ ಸರದಿಯಲ್ಲಿ ಮುಳುಗಿ ಏಳುವಾಗ ಕಾಲು ಜಾರಿತು. ಪಾಸ್ಟರ ಕೈತಪ್ಪಿ ತೇಲಿಹೋದ ನನ್ನನ್ನು ಟೇಲರ್ ಅಂಗಿಯ ಕಾಲರ್ ಹಿಡಿದು ಎಳೆದರು. “ಹರಿಯಂಗಿಲ್ಲ ಬಿಡು, ನಾನ ಹೊಲಿದದ್ದು” ಅಂದರು.

ದಂಡೆಯಲ್ಲಿ ಕುದಿಸಿದ ಹಸಿ ಶೇಂಗಾ ಹಂಚುತ್ತ ಅವರ ಹೆಂಡತಿ ಹೇಳಿದರು: “ಇವರಿಗೆ ಈಜ ಬರಂಗಿಲ್ಲಪಾ. ಎಷ್ಟ ಹೇಳಿದ್ರೂ ಕೇಳಂಗಿಲ್ಲ.”

ಬೇಸಿಗೆ ಬಂದಾಗ ನಾನು ಬಾವಿಗಿಳಿದು ಈಜು ಕಲಿತೆ. ಮುಂದಿನ ದಸರಾ ಸೂಟಿಯಲ್ಲಿ ಅವರಿಗಿಂತ ಒಂದು ಮಾರು ಕೆಳಗೆ ನಾನು ನಿಂತೆ.