ಎಲೆ ಕೀಳುವ ಹುಡುಗಿ

ಕಳೆದ ಭಾನುವಾರ, ಮಧ್ಯಾಹ್ನ ಮೂರು ಗಂಟೆ, ಬಸವೇಶ್ವರನಗರದ ನಮ್ಮ ಮನೆಯ ಹಾಲ್. ಹಾಜರಿದ್ದವರು ನಾನು, ನಮ್ಮ ಯಜಮಾನರು ಮತ್ತು ಮೊಮ್ಮಗಳು ನಿಧಿ. ಹಾಜರಿ ತೆಗೆದುಕೊಳ್ಳದೆ ಯಾವುದನ್ನೂ ಶುರುಮಾಡಲು ನನಗೆ ಬರುವುದಿಲ್ಲ. ರಾಜಾಜಿನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಳಾದವಳು, ಸಹಿಸಿಕೊಳ್ಳಿ. ಟೀವಿಯಲ್ಲಿ ಹಸಿರು ಬೆಟ್ಟವೊಂದು ಮೂಡಿತು. ಅದರ ನೆತ್ತಿಯ ಮೇಲೆ ಒಂದು ಮನೆ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಒಬ್ಬ ಅಜ್ಜಿ. ಅವಳನ್ನು ಕಂಡ ಕೂಡಲೇ ನನಗೆ ಕಸಿವಿಸಿಯಾಯಿತು. ಈ ಅಜ್ಜಿ ನನಗೆ ಚೆನ್ನಾಗಿ ಗೊತ್ತು. ಆದರೆ ಅವಳು ಬಟ್ಟೆ ಒಣಹಾಕುವುದು ಕಥೆಯ ಕೊನೆಯಲ್ಲಿ. ಈಗಲೇ ಯಾಕೆ ಬಂದಳು?

ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಧಿ ಜ್ಞಾನಭಾರತಿಯಲ್ಲಿ ಓದುತ್ತಾಳೆ, ರಾಜರಾಜೇಶ್ವರಿನಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾಳೆ. ಅಲ್ಲಿ ಅವಳ ಚಿತ್ರಕಥೆಯ ಪುಸ್ತಕಗಳಿಗೆ ಜಾಗವಿಲ್ಲ, ಬೈಗುಳವಿದೆ. ಹಾಗಾಗಿ ಇಂಗ್ಲಿಷಿಗೆ ಬಂದ ಜಪಾನಿನ ದಪ್ಪ ಪುಸ್ತಕವೊಂದನ್ನು ತಂದು ನಮ್ಮ ಮನೆಯಲ್ಲಿಟ್ಟಳು. ಮಾಂಗಾ ಎನ್ನುತ್ತಾರಂತೆ. ಅವಳಿಗೆ ಅದು ಜೀವ. ನಮ್ಮ ಮನೆಗೆ ಬಂದ ಯಾವ ಪುಸ್ತಕವೂ ಬರಿಮೈಯಲ್ಲಿ ಇರಕೂಡದು. ಅವತ್ತೇ ಕಂದು ಕಾಗದ ತಂದು ಬೈಂಡ್ ಹಾಕಿದೆ, ಅಂಚುಗಳನ್ನು ಒಳಕ್ಕೆ ಮಡಚಿ ಮೊದಲ ಪುಟಕ್ಕೇ ಗೋಂದು ಬಳಿದು ಅಂಟಿಸಿದೆ, ಎದುರಿಗೆ ಲೇಬಲ್ ಹಚ್ಚಿದೆ. ಆಮೇಲೆ, ಒಳಗೇನಿದೆ ನೋಡೋಣ ಎಂದು ಓದತೊಡಗಿದೆ.

ಮಾತು ಕಡಿಮೆ, ಚಿತ್ರವೇ ಹೆಚ್ಚು. ಚಿತ್ರವೆಂದರೆ ಎಂಥ ಚಿತ್ರ! ಒಂದೊಂದು ಹುಲ್ಲಿನ ಗರಿಯನ್ನೂ ಬಿಡಿಸಿ ಬರೆದಿದ್ದಾರೆ. ಮೊದಲ ಪುಟದಲ್ಲಿ ಒಂದು ದೊಡ್ಡ ಮರ, ಅದಕ್ಕೆ ಒರಗಿ ಬುತ್ತಿ ತಿನ್ನುತ್ತಿರುವ ಹುಡುಗಿ. ಪುಟ ತಿರುಗಿಸುತ್ತ ಹೋದಂತೆ ಮರಕ್ಕೆ ಕಣ್ಣು ಬರುತ್ತದೆ, ಕೈ ಬರುತ್ತದೆ, ಮರವೇ ಒಬ್ಬ ಅಜ್ಜಿಯಾಗುತ್ತದೆ. ಹುಡುಗಿ ಒಲೆಯಿಂದ ಎಲೆಗಳನ್ನು ತೆಗೆದು ಅಜ್ಜಿಯ ಹೆಗಲಿಗೆ ಹಚ್ಚುತ್ತಾಳೆ. ಯಾವುದೋ ನಾಟಿ ಔಷಧಿ ಎಂದುಕೊಂಡೆ. ಔಷಧಿ ಹಿಡಿಯಿತು. ಅಜ್ಜಿ ಎದ್ದಳು, ನಡೆದಳು, ಅಡುಗೆಗೆ ನಿಂತಳು, ಕೊನೆಗೆ ಬಿಸಿಲಲ್ಲಿ ಬಟ್ಟೆ ಒಣಹಾಕಿದಳು. ಸಂಭಾಷಣೆ ಮಾತ್ರ ವಿಚಿತ್ರ. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಜಪಾನಿನವರು ಚುರುಕು, ಕೇಳುವ ಮೊದಲೇ ಹೇಳಿಬಿಡುತ್ತಾರೆ ಎಂದು ಮೆಚ್ಚಿಕೊಂಡೆ.

ಆ ಕಥೆಯನ್ನು ನಾನು ಸುಮ್ಮನೆ ಓದಿ ಬಿಡಲಿಲ್ಲ. ನಮ್ಮ ಯಜಮಾನರಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದಕ್ಕಿಂತ ಮೈ ಬಿಗಿಯುವುದೇ ಹೆಚ್ಚು. ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಾರೆ, ಮುಖ ಅಲುಗುವುದಿಲ್ಲ, ದನಿ ಪಿಸುಮಾತಾಗಿದೆ. ಡಾಕ್ಟರು ಬೆಳಗಿನ ನಡಿಗೆ, ಒಂದಿಷ್ಟು ವ್ಯಾಯಾಮ ಹೇಳಿದ್ದರು. ಸಂಜೆಯದ್ದು ನಾನು ಸೇರಿಸಿದ್ದು. ಗೇಟಿನಿಂದ ಹಿತ್ತಲ ನಲ್ಲಿಯವರೆಗೆ, ಮತ್ತೆ ಗೇಟಿಗೆ. ಅವರು ಸುಸ್ತಾಗಿ ನಿಂತಾಗೆಲ್ಲ ಆ ಅಜ್ಜಿಯನ್ನು ಕರೆತರುತ್ತಿದ್ದೆ.

“ಮರ ಆಗಿದ್ದೋಳು ಎದ್ದು ಅಡುಗೆ ಮಾಡಿದ್ಲು ಕಣ್ರೀ. ನಿಮಗೆ ಇನ್ನೊಂದು ರೌಂಡ್ ಹಾಕಕ್ಕಾಗಲ್ವಾ?”

“ಅವಳಿಗೆ ಪಿ.ಟಿ. ಟೀಚರ್ ಇರ್ಲಿಲ್ಲ,” ಎನ್ನುತ್ತಿದ್ದರು. ಆದರೂ ಕಾಲು ಎಳೆಯುತ್ತಿದ್ದರು.

ಈಗ ಅದೇ ಪುಸ್ತಕ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸಿನಿಮಾ ಆಗಿ ಬಂದಿದೆ, ಮೂವರೂ ನೋಡೋಣ ಎಂದು ನಿಧಿ ಬಂದಿದ್ದಳು. ಅಜ್ಜಿ ಬಟ್ಟೆ ಒಣಹಾಕುವಾಗ ಅವಳ ಹೆಗಲ ಮೇಲೊಂದು ಚಿಗುರು ಕಾಣಿಸಿತು. ಹುಡುಗಿ ನಗುತ್ತ ಅದನ್ನು ಕಿತ್ತಳು. ಒಲೆಗೆ ಹಾಕಿದಳು. ಮಾರನೆಯ ಬೆಳಗ್ಗೆ ಎರಡು ಚಿಗುರು.

“ಇದೇನೇ ಹಿಂದುಮುಂದು ತೋರಿಸ್ತಿದ್ದಾರೆ? ಎಲೆ ಹಚ್ಚಬೇಕಲ್ವಾ ಅವಳು?” ಎಂದೆ.

ನಿಧಿ ಸಿನಿಮಾ ನಿಲ್ಲಿಸಿದಳು. ಬೀರುವಿನಿಂದ ಪುಸ್ತಕ ತೆಗೆದು ನನ್ನ ಲೇಬಲ್ ನೋಡಿದಳು. ತಿರುಗಿಸಿದಳು. ಸೋಫಾದ ಮೇಲೆ ಬಿದ್ದು ನಕ್ಕಳು.

“ಅಜ್ಜೀ! ಲೇಬಲ್ ಹಿಂದ್ಗಡೆ ಹಚ್ಚಿದೀಯಾ! ಇದು ಬಲಗಡೆಯಿಂದ ಓದೋದು ಕಣಜ್ಜಿ. ಈ ಕಡೆಯಿಂದ ಓದ್ಬೇಡಿ ಅಂತ ಇಲ್ಲೇ ಒಂದು ಪೇಜ್ ಇತ್ತು, ಅದಕ್ಕೇ ಗೋಂದು ಹಾಕಿ ಮುಚ್ಚಿದೀಯಾ. ಇಡೀ ಬುಕ್ ಉಲ್ಟಾ ಓದಿದೀಯ ನೀನು!”

“ಮತ್ತೆ ಆ ಅಜ್ಜಿ?”

“ಮರ ಆಗ್ತಾಳೆ. ಅದೇ ಕಥೆ.”

ನಿಧಿ ಸಿನಿಮಾ ಮತ್ತೆ ಹಾಕಿದಳು. ನಾನು ಯಜಮಾನರ ಕಡೆ ನೋಡಲಿಲ್ಲ. ಎದ್ದು ಹೋಗಿ, ಆರಿಸಿದ್ದ ಗ್ಯಾಸನ್ನೇ ಆರಿದೆಯೇ ಎಂದು ನೋಡಿ ಬಂದೆ. ಕೂತೆ. ಮತ್ತೆ ಎದ್ದು ಒಣಗಿದ ಬಟ್ಟೆಗಳನ್ನು ತಂದು ಮಡಚಿದೆ, ಮಡಚಿದ್ದನ್ನು ಒದರಿ ಇನ್ನೊಮ್ಮೆ ಮಡಚಿದೆ. “ಒಂದ್ ಕಡೆ ಕೂತ್ಕೋ ಅಜ್ಜಿ, ಪ್ಲೀಸ್. ಟೆನ್ನಿಸ್ ಮ್ಯಾಚಾ ಇದು?” ಎಂದಳು ನಿಧಿ. ಕೂರುವುದು ನನಗೆ ಯಾರೂ ಕಲಿಸದ ವಿದ್ಯೆ. ನಮ್ಮಪ್ಪ ಗಿರಣಿಯಲ್ಲಿದ್ದರು. ಸೈರನ್ ಕೂಗಿದರೆ ಏಳಬೇಕು, ಕೂಗಿದರೆ ಉಣ್ಣಬೇಕು. ಭಾನುವಾರ ಸೈರನ್ ಇಲ್ಲದ್ದಕ್ಕೆ ಅವರೇ ತಟ್ಟೆ ಬಡಿಯುತ್ತಿದ್ದರು. ಆ ಮನೆಯಿಂದ ಬಂದವಳಿಗೆ ಗಂಟು ಬಿದ್ದದ್ದು ಇವರು. ನಕ್ಷೆ ಬರೆಯುವ ಕೆಲಸ, ಕಣ್ಣಿಗೆ ಬಿದ್ದದ್ದನ್ನೆಲ್ಲ ನಿಂತು ನೋಡುವ ಚಾಳಿ. ಮದುವೆಯಾದ ಹೊಸತರಲ್ಲಿ ಕೆಂಗೇರಿ ಕಡೆ ಯಾರದೋ ಮನೆಯ ಊಟಕ್ಕೆ ಹೋಗಿ, ಹೊತ್ತಿದೆಯೆಂದು ಕೆರೆಯ ಹತ್ತಿರ ಹೋದೆವು. ಕೆರೆಯೆಂದ ಮೇಲೆ ಸುತ್ತು ಹಾಕಬೇಕಲ್ಲ, ಹೊರಟೆ. ಬೆವೆತು ವಾಪಸು ಬಂದರೆ ಇವರು ಬಿಟ್ಟಲ್ಲೇ ನಿಂತಿದ್ದರು, ಮಾರು ದೂರದಲ್ಲೊಂದು ಬೆಳ್ಳಕ್ಕಿ ಹೆದರದೆ ಕೂತಿತ್ತು. “ಏನ್ ಮಾಡ್ತಾ ಇದ್ರಿ ಇಷ್ಟೊತ್ತು?” ಎಂದು ರೇಗಿದರೆ, “ನೀನು ಸುತ್ತಿ ಬರೋದನ್ನ ನೋಡ್ತಾ ಇದ್ದೆ,” ಎಂದರು. ಆಗ ಕೋಪ ಬಂದಿತ್ತು.

ಪರದೆಯ ಮೇಲೆ ಹುಡುಗಿಗೆ ಈಗ ಎಲೆ ಕೀಳುವುದೇ ಕೆಲಸ. ಕೋಳಿ ಕೂಗುವ ಮುಂಚೆ ಏಳುತ್ತಾಳೆ, ಬಾಚಣಿಗೆ ಹಿಡಿದು ಅಜ್ಜಿಯ ಕೂದಲಿಂದ ಎಲೆ ಬಾಚುತ್ತಾಳೆ, ಬೆರಳ ಸಂದಿಯ ಬೇರು ಕತ್ತರಿಸುತ್ತಾಳೆ. ಅಜ್ಜಿ ಏನೋ ಹೇಳುತ್ತಾಳೆ. ಹುಡುಗಿಗೆ ಕೇಳಿಸಿಕೊಳ್ಳಲು ಪುರುಸೊತ್ತಿಲ್ಲ. ಅಜ್ಜಿಯ ದನಿ ದಿನದಿನಕ್ಕೆ ಗಾಳಿಯ ಸದ್ದಿಗೆ ಹತ್ತಿರವಾಗುತ್ತದೆ. ಒಂದು ಬೆಳಗ್ಗೆ ಹುಡುಗಿ ಒಂದೆಲೆ ಕೀಳುತ್ತಾಳೆ. ಅಜ್ಜಿ ನೋವಿನಿಂದ ಕಣ್ಣು ಮುಚ್ಚುತ್ತಾಳೆ. ಅಷ್ಟೇ. ಸಂಗೀತವೂ ಇಲ್ಲ. ಹುಡುಗಿಯ ಕೈ ಹಾಗೇ ನಿಂತುಬಿಡುತ್ತದೆ.

ನನ್ನ ಕೈಯಲ್ಲಿ ಅವರ ಪಂಚೆ ಇತ್ತು, ಅರ್ಧ ಮಡಚಿದ್ದು.

ಆಮೇಲೆ ಮರ, ಬುತ್ತಿ, ಒರಗಿ ಕೂತ ಹುಡುಗಿ. ಸಿನಿಮಾ ಮುಗಿಯಿತು. ನಿಧಿ ಮೂಗು ಒರೆಸಿಕೊಂಡು, ಬಸ್ ಸಿಗುವುದಿಲ್ಲವೆಂದು ಹೊರಟಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, “ನಿನ್ನ ಕಥೆ ಫ್ರೆಂಡ್ಸಿಗೆ ಹೇಳ್ತೀನಿ ಕಣಜ್ಜಿ, ಸಾಯ್ತಾರೆ ನಕ್ಕು,” ಎಂದಳು.

ಮನೆಯಲ್ಲಿ ನಾವಿಬ್ಬರು. ಸಂಜೆಯ ಸುತ್ತಿನ ಹೊತ್ತು.

“ನಾನು ನಿಮಗೆ ತಪ್ಪು ಕಥೆ ಹೇಳಿಬಿಟ್ಟೆ,” ಎಂದೆ.

ಅವರು ಮಾತಿಗೆ ತಯಾರಾಗಲು ಹೊತ್ತು ಹಿಡಿಯುತ್ತದೆ. ನಾನು ಸಾಮಾನ್ಯವಾಗಿ ಅಷ್ಟರಲ್ಲಿ ಎರಡು ಕೆಲಸ ಮುಗಿಸಿರುತ್ತೇನೆ. ಅವತ್ತು ಕಾದೆ.

“ಗೊತ್ತಿತ್ತು ಕಣೇ. ಮೊದಲನೇ ದಿನಾನೇ ಪುಸ್ತಕ ತಿರುಗಿಸಿ ನೋಡಿದ್ದೆ.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ನೀನು ಹೇಳ್ತಿದ್ದದ್ದು ಚೆನ್ನಾಗಿತ್ತು.” ಮತ್ತೆ ಉಸಿರು ಸೇರಿಸಿಕೊಂಡರು. “ಬೆಳಗ್ಗೆ ನಡೀತೀನಿ. ತಪ್ಪಿಸಲ್ಲ. ಸಂಜೆ ಬೇಡ. ಗೇಟ್ ಹತ್ರ ಕೂರೋಣ.”

ಈ ಮಾತನ್ನು ಅವರು ಹಿಂದೆಯೂ ಹೇಳಿರಬೇಕು. ಗೇಟಿನಿಂದ ನಲ್ಲಿಯ ಕಡೆಗೆ ತಿರುಗಿಸುವಾಗೆಲ್ಲ ಏನೋ ಪಿಸುಗುಡುತ್ತಿದ್ದರು. “ಆಮೇಲೆ ಮಾತು, ಮೊದಲು ಕಾಲು” ಎನ್ನುತ್ತಿದ್ದೆ ನಾನು.

ಎರಡು ಕುರ್ಚಿ ಹಾಕಿದೆ. ಕೂತೆವು. ಎದುರುಮನೆಯವರು ಸ್ಕೂಟರ್ ತೊಳೆಯುತ್ತಿದ್ದರು. ಹೂವಿನವಳು ಸೈಕಲ್ ತಳ್ಳಿಕೊಂಡು ಬಂದು, “ಏನ್ ಟೀಚರಮ್ಮ, ಕೂತ್ಬಿಟ್ಟಿದೀರಾ! ಹುಷಾರಿಲ್ವಾ?” ಎಂದು ಗಾಬರಿಯಾದಳು. ಇವರ ಗಂಟಲಲ್ಲಿ ಏನೋ ಸದ್ದಾಯಿತು. ಮುಖ ಅಲುಗಲಿಲ್ಲ, ನಕ್ಕದ್ದು ನನಗೆ ಗೊತ್ತಾಯಿತು. ನನ್ನ ಪಾದ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು, ನಿಲ್ಲಿಸಿದರೆ ಇನ್ನೊಂದು ಶುರುವಾಗುತ್ತಿತ್ತು. ಅವರ ಕೈ ನನ್ನ ಕುರ್ಚಿಯ ತೋಳಿನ ಮೇಲೆ ಬಂದು ನಡುಗುತ್ತ ಕೂತಿತು. ಅದನ್ನು ಹಿಡಿದು ಸರಿಪಡಿಸಲು ಹೋಗಲಿಲ್ಲ. ಬೀದಿದೀಪ ಹತ್ತುವವರೆಗೆ ಇದ್ದೆವು.

ಅವರನ್ನು ಮೆಲ್ಲಗೆ ಒಳಗೆ ಕರೆದೊಯ್ದು ಕೂರಿಸಿ ಬಂದೆ. ಕುರ್ಚಿಗಳನ್ನು ಎತ್ತಲು ಕೈ ಹಾಕಿದವಳು, ನಾಳೆಗೂ ಬೇಕಲ್ಲ ಎಂದು ಅಲ್ಲೇ ಬಿಟ್ಟು, ಗೇಟಿನ ಚಿಲಕ ಹಾಕಿದೆ.